ಓದುಗರ ಪ್ರಶ್ನೆ, ತಜ್ಞರ ಉತ್ತರ: ಒಂದು ಮೀಟರ್ ಉದ್ದದ ಆಕ್ಸಾನ್

ನರಕೋಶದಿಂದ ಸಂಕೇತವನ್ನು ದೂರಕ್ಕೆ ಒಯ್ಯುವ ಎಳೆಯೇ ಆಕ್ಸಾನ್. ಅದರ ಕುರಿತ ಪ್ರಶ್ನೆಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಕೆಲವನ್ನು ವಿದ್ಯಾರ್ಥಿಗಳು ಕೇಳಿದ್ದಾರೆ, ಕೆಲವನ್ನು ರೋಗಿಗಳು ಮತ್ತು ಅವರ ಮನೆಯವರು. ಪಾಠದ ಪ್ರಶ್ನೆಗಾಗಲಿ ಕಾಯಿಲೆಯ ಪ್ರಶ್ನೆಗಾಗಲಿ ಉತ್ತರ ಹುಡುಕಹೊರಟರೆ ಮತ್ತೆ ಮತ್ತೆ ಎದುರಾಗುವುದು ದೂರ. ಈ ಎಳೆ ತನ್ನನ್ನು ಸಾಕುವ ಕೋಶಕಾಯವನ್ನು ಬಿಟ್ಟು ಬಹಳ ದೂರ ಹೋಗುತ್ತದೆ. ಅದರ ರಚನೆ ಹೀಗೇಕಿದೆ, ಅದು ಕೆಡುವುದು ಎಲ್ಲಿಂದ ಎಂಬುದೆಲ್ಲ ಆ ದೂರಕ್ಕೇ ಹೊಂದಿಕೊಂಡಿದೆ.

ಪ್ರಶ್ನೆ: ಪಠ್ಯಪುಸ್ತಕದ ಚಿತ್ರದಲ್ಲಿ ಆಕ್ಸಾನ್ ಗಿಡ್ಡ ಬಾಲದಂತೆ ಕಾಣುತ್ತದೆ. ನಿಜಕ್ಕೂ ಎಷ್ಟು ಉದ್ದ ಇರುತ್ತದೆ? ಅದರ ಭಾಗಗಳು ಯಾವುವು?

ಪುಟದೊಳಗೆ ಹಿಡಿಸಲು ಚಿತ್ರಕಾರರು ಅಳತೆಯನ್ನು ಕೈಬಿಟ್ಟಿರುತ್ತಾರೆ. ಬೆನ್ನುಹುರಿಯ ಕೆಳಭಾಗದಿಂದ ಪಾದದ ಸ್ನಾಯುವಿಗೆ ಹೋಗುವ ಆಕ್ಸಾನ್ ವಯಸ್ಕರಲ್ಲಿ ಸುಮಾರು 1 ಮೀಟರ್ ಉದ್ದ. ಅದು ಹೊರಡುವ ಕೋಶಕಾಯದ ಅಡ್ಡಳತೆ ಹೆಚ್ಚೆಂದರೆ 0.1 ಮಿಲಿಮೀಟರ್. ಇಂಥ ಕೋಶದ ಒಟ್ಟು ಕೋಶದ್ರವ್ಯದಲ್ಲಿ ಶೇ. 99ಕ್ಕೂ ಹೆಚ್ಚು ಆಕ್ಸಾನಿನೊಳಗೇ ಇರುತ್ತದೆ. ಎಲ್ಲ ಆಕ್ಸಾನುಗಳೂ ಇಷ್ಟು ಉದ್ದವಲ್ಲ. ಮಿದುಳಿನೊಳಗೆ ಒಂದು ಮಿಲಿಮೀಟರನ್ನೂ ದಾಟದವು ಬೇಕಾದಷ್ಟಿವೆ. ದಪ್ಪವೂ 0.2 ಮೈಕ್ರೋಮೀಟರಿನಿಂದ 20 ಮೈಕ್ರೋಮೀಟರಿನವರೆಗೆ ಬದಲಾಗುತ್ತದೆ.

ಕೋಶಕಾಯದಿಂದ ಹೊರಬೀಳುವ ಕಡೆ ಶಂಕುವಿನ ಆಕಾರದ ದಿಬ್ಬವಿದೆ, ಅದೇ ಆಕ್ಸಾನ್ ಹಿಲಕ್. ಪ್ರೋಟೀನು ತಯಾರಿಸುವ ನಿಸಲ್ ಕಣಗಳು ಕೋಶಕಾಯದಲ್ಲಿ ದಟ್ಟವಾಗಿದ್ದರೂ ಇಲ್ಲಿ ಇರುವುದಿಲ್ಲ. ಸೂಕ್ಷ್ಮದರ್ಶಕದಲ್ಲಿ ಆಕ್ಸಾನನ್ನು ಡೆಂಡ್ರೈಟಿನಿಂದ (ಕೋಶಕ್ಕೆ ಸಂಕೇತ ತರುವ ಕವಲಿನಿಂದ) ಬೇರೆ ಮಾಡಿ ಗುರುತಿಸುವುದು ಹೀಗೆಯೇ. ಹಿಲಕ್ ಮುಗಿದ ಮೇಲೆ 20ರಿಂದ 60 ಮೈಕ್ರೋಮೀಟರ್ ಉದ್ದದ ಆರಂಭ ಖಂಡ. ಆಂಕಿರಿನ್-ಜಿ ಎಂಬ ಪ್ರೋಟೀನು ಇಲ್ಲಿ ಪೊರೆಯಲ್ಲಿ ಸೋಡಿಯಮ್ಮಿಗೆ ದಾರಿ ಬಿಡುವ ದ್ವಾರಗಳನ್ನು, ಅಂದರೆ ಸೋಡಿಯಂ ಚಾನೆಲ್‌ಗಳನ್ನು ಒತ್ತೊತ್ತಾಗಿ ಹಿಡಿದಿಟ್ಟಿರುತ್ತದೆ. ಸಾಮಾನ್ಯವಾಗಿ ನರಸಂಕೇತ ಹುಟ್ಟುವುದೂ ಇಲ್ಲೇ. ಡೆಂಡ್ರೈಟುಗಳಿಂದ ಬಂದ ಸಾವಿರಾರು ಪ್ರಚೋದನೆಗಳ ಲೆಕ್ಕ ಕೂಡಿ ಕಳೆದು, ಸಂಕೇತ ಕಳಿಸಬೇಕೋ ಬೇಡವೋ ಎಂಬುದು ಈ ಪುಟ್ಟ ಜಾಗದಲ್ಲಿ ತೀರ್ಮಾನವಾಗುತ್ತದೆ. ಆಮೇಲೆ ಉದ್ದನೆಯ ಕಾಂಡ, ಅಲ್ಲಲ್ಲಿ ಅಡ್ಡ ಕವಲುಗಳು, ಕೊನೆಗೆ ಕವಲೊಡೆದ ತುದಿಗಳು. ಪ್ರತಿ ತುದಿಯ ಉಬ್ಬಿನಲ್ಲಿ ರಾಸಾಯನಿಕ ತುಂಬಿದ ಸುಮಾರು 40 ನ್ಯಾನೋಮೀಟರಿನ ಗುಳ್ಳೆಗಳಿರುತ್ತವೆ. ಸಂಕೇತ ಬಂದಾಗ ಕ್ಯಾಲ್ಸಿಯಂ ಒಳನುಗ್ಗುತ್ತದೆ, ಗುಳ್ಳೆಗಳು ಪೊರೆಗೆ ಬೆಸೆದುಕೊಂಡು ರಾಸಾಯನಿಕವನ್ನು ಮುಂದಿನ ಕೋಶದ ಕಡೆ ಚೆಲ್ಲುತ್ತವೆ.

ಕಾಂಡದ ಒಳಗೆ ಉದ್ದಕ್ಕೂ 25 ನ್ಯಾನೋಮೀಟರ್ ದಪ್ಪದ ಮೈಕ್ರೋಟ್ಯೂಬ್ಯೂಲ್ ನಳಿಕೆಗಳು, ಅವುಗಳ ನಡುವೆ 10 ನ್ಯಾನೋಮೀಟರಿನ ನ್ಯೂರೋಫಿಲಮೆಂಟ್ ಎಳೆಗಳು. ಪೊರೆಯ ಒಳಮೈಗೆ ಅಂಟಿದಂತೆ ಪ್ರತಿ 190 ನ್ಯಾನೋಮೀಟರಿಗೊಂದು ಆಕ್ಟಿನ್ ಬಳೆ. ಈ ಬಳೆಗಳು ಕಣ್ಣಿಗೆ ಬಿದ್ದದ್ದು 2013ರಲ್ಲಿ, ಅತಿಸೂಕ್ಷ್ಮ ದೃಶ್ಯ ತಂತ್ರಗಳು ಬಂದ ಮೇಲೆ. ಮಂಡಿ ಮಡಿಸಿದಾಗ, ಮೊಣಕೈ ಚಾಚಿದಾಗ ಆಕ್ಸಾನೂ ಎಳೆದಾಡುತ್ತದೆ. ಹಾಗೆ ಎಳೆದರೂ ಕಡಿಯದಿರಲು ಈ ಬಳೆಗಳೂ ಅವನ್ನು ಜೋಡಿಸುವ ಸ್ಪೆಕ್ಟ್ರಿನ್ನೂ ಮುಖ್ಯ ಕಾರಣ.

ಪ್ರಶ್ನೆ: ಆಕ್ಸಾನಿನಲ್ಲಿ ವಿದ್ಯುತ್ ಹರಿಯುತ್ತದೆ ಎನ್ನುತ್ತಾರೆ. ಹಾಗಿದ್ದರೆ ಅದು ತಂತಿಯ ಹಾಗೇ ಅಲ್ಲವೇ? ವೇಗ ಮಾತ್ರ ಯಾಕೆ ಅಷ್ಟು ಕಡಿಮೆ?

ತಂತಿಯ ಹೋಲಿಕೆ ಎಲ್ಲ ಕಡೆ ಬಳಕೆಯಲ್ಲಿದೆ. ಆದರೆ ಅದನ್ನು ಹಿಡಿದು ಹೊರಟರೆ ದಾರಿ ತಪ್ಪುತ್ತದೆ. ಆಕ್ಸಾನಿನೊಳಗೆ ಇರುವುದು ಉಪ್ಪು ಬೆರೆತ ದ್ರವ. ವಿದ್ಯುತ್ತಿಗೆ ಅದು ಒಡ್ಡುವ ತಡೆ ತಾಮ್ರಕ್ಕಿಂತ ಕೋಟಿಗಟ್ಟಲೆ ಪಟ್ಟು ಹೆಚ್ಚು. ಸಾಲದ್ದಕ್ಕೆ ಸುತ್ತಲಿನ ಪೊರೆಯೂ ಸೋರುತ್ತದೆ. ಮೈಲಿನ್ ಎಂಬ ಕೊಬ್ಬಿನ ಹೊದಿಕೆಯಿಲ್ಲದ ಸಣ್ಣ ಆಕ್ಸಾನಿನ ಒಂದು ಕಡೆ ವೋಲ್ಟೇಜ್ ಕೊಟ್ಟು ಸುಮ್ಮನೆ ಬಿಟ್ಟರೆ ಒಂದು ಮಿಲಿಮೀಟರ್ ದಾಟುವುದರೊಳಗೆ ಅದು ಮೂರನೇ ಒಂದು ಪಾಲಿಗೋ ಅದಕ್ಕೂ ಕೆಳಗೋ ಇಳಿದುಬಿಡುತ್ತದೆ. ಹೀಗಾದರೆ ಪಾದದ ಸುದ್ದಿ ಬೆನ್ನುಹುರಿಗೆ ಮುಟ್ಟುವ ಮಾತೇ ಇಲ್ಲ. ಅದಕ್ಕೇ ಆಕ್ಸಾನ್ ಸಂಕೇತವನ್ನು ದಾರಿಯುದ್ದಕ್ಕೂ ಹೊಸದಾಗಿ ಹುಟ್ಟಿಸುತ್ತಾ ಹೋಗುತ್ತದೆ. ವೇಗ ಕಡಿಮೆಯಾಗುವುದು ಈ ಮರುಹುಟ್ಟಿಗೆ ಹಿಡಿಯುವ ಸಮಯದಿಂದ.

ನಡೆಯುವ ಕ್ರಮ ಹೀಗೆ. ವಿಶ್ರಾಂತಿಯಲ್ಲಿರುವಾಗ ಆಕ್ಸಾನಿನ ಒಳಗೆ ಪೊಟ್ಯಾಸಿಯಂ ಹೆಚ್ಚು, ಲೀಟರಿಗೆ ಸುಮಾರು 140 ಮಿಲಿಮೋಲ್. ಹೊರಗೆ 4 ಅಥವಾ 5 ಮಾತ್ರ. ಸೋಡಿಯಂ ಇದಕ್ಕೆ ತಿರುಗಮುರುಗ: ಹೊರಗೆ 145, ಒಳಗೆ 15ರ ಆಸುಪಾಸು. ವಿಶ್ರಾಂತಿಯ ಪೊರೆ ಮುಖ್ಯವಾಗಿ ಪೊಟ್ಯಾಸಿಯಮ್ಮಿಗೆ ದಾರಿ ಬಿಡುತ್ತದೆ. ಧನ ಅಯಾನು (ವಿದ್ಯುದಾವೇಶ ಹೊತ್ತ ಕಣ) ಹೊರಕ್ಕೆ ಸೋರುವುದರಿಂದ ಒಳಗೆ ಋಣ 70 ಮಿಲಿವೋಲ್ಟ್ ಉಳಿಯುತ್ತದೆ. ಪಕ್ಕದಿಂದ ಬಂದ ವಿದ್ಯುತ್ತಿನಿಂದ ಈ ಅಂಕಿ ಋಣ 55ರ ಹತ್ತಿರ ಬಂದರೆ ಸೋಡಿಯಂ ಚಾನೆಲ್‌ಗಳು ತಟಕ್ಕನೆ ತೆರೆದುಕೊಳ್ಳುತ್ತವೆ. ಸೋಡಿಯಂ ಒಳನುಗ್ಗಿದಷ್ಟೂ ಇನ್ನಷ್ಟು ಚಾನೆಲ್ ತೆರೆಯುತ್ತವೆ. ಮಿಲಿಸೆಕೆಂಡಿಗಿಂತ ಕಡಿಮೆ ಅವಧಿಯಲ್ಲಿ ಒಳಭಾಗ ಧನ 30ರಿಂದ 40 ಮಿಲಿವೋಲ್ಟಿಗೆ ಏರುತ್ತದೆ. ಅಷ್ಟರಲ್ಲಿ ಸೋಡಿಯಂ ಚಾನೆಲ್ಲಿನ ಇನ್ನೊಂದು ಗೇಟು ಮುಚ್ಚಿಕೊಳ್ಳುತ್ತದೆ, ಪೊಟ್ಯಾಸಿಯಂ ಹೊರಹೋಗಿ ವೋಲ್ಟೇಜ್ ಮೊದಲಿನ ಮಟ್ಟಕ್ಕೆ ಇಳಿಯುತ್ತದೆ.

ಮುಚ್ಚಿಕೊಂಡ ಆ ಗೇಟು ಸುಮಾರು ಒಂದು ಮಿಲಿಸೆಕೆಂಡು ಏನು ಮಾಡಿದರೂ ತೆರೆಯುವುದಿಲ್ಲ. ಸಂಕೇತ ಬಂದ ದಾರಿಯಲ್ಲೇ ಹಿಂದಿರುಗದೆ ಮುಂದಕ್ಕೇ ಹೋಗುವುದು ಈ ಕಾರಣಕ್ಕೆ. ಇನ್ನೊಂದು ಮಾತು: ಈ ಸಂಕೇತದಲ್ಲಿ ದೊಡ್ಡದು ಚಿಕ್ಕದು ಎಂಬುದಿಲ್ಲ. ಹುಟ್ಟಿದರೆ ಪೂರ್ತಿ, ಇಲ್ಲವಾದರೆ ಇಲ್ಲ. ನೋವು ಜೋರಾಗಿದೆ ಎಂಬುದನ್ನು ಆಕ್ಸಾನ್ ತಿಳಿಸುವುದು ಸೆಕೆಂಡಿಗೆ ಎಷ್ಟು ಸಂಕೇತ ಕಳಿಸಿತು ಎಂಬುದರ ಮೂಲಕ.

ಈ ಲೆಕ್ಕವನ್ನೆಲ್ಲ ಅಳೆದು ಸಮೀಕರಣಗಳಲ್ಲಿ ಬರೆದವರು ಅಲನ್ ಹಾಡ್ಜ್‌ಕಿನ್ ಮತ್ತು ಆಂಡ್ರ್ಯೂ ಹಕ್ಸ್‌ಲಿ, 1952ರಲ್ಲಿ. 1963ರ ನೊಬೆಲ್ ಪ್ರಶಸ್ತಿಯಲ್ಲಿ ಅವರಿಬ್ಬರಿಗೂ ಪಾಲಿತ್ತು. ಅವರು ಬಳಸಿದ್ದು ಸ್ಕ್ವಿಡ್ ಎಂಬ ಕಡಲಜೀವಿಯ ದೈತ್ಯ ಆಕ್ಸಾನನ್ನು. ಅರ್ಧ ಮಿಲಿಮೀಟರ್ ದಪ್ಪವಿರುವುದರಿಂದ ಅದರೊಳಗೆ ಉದ್ದುದ್ದ ತಂತಿಯನ್ನೇ ತೂರಿಸಬಹುದಿತ್ತು. ನರದ ವೇಗ ಅದಕ್ಕೂ ಒಂದು ಶತಮಾನ ಮೊದಲೇ ಗೊತ್ತಾಗಿತ್ತು. 1850ರಲ್ಲಿ ಹೆಲ್ಮ್‌ಹೋಲ್ಟ್ಸ್ ಕಪ್ಪೆಯ ನರವನ್ನು ಸ್ನಾಯುವಿಗೆ ಹತ್ತಿರ ಒಮ್ಮೆ, ದೂರ ಒಮ್ಮೆ ಪ್ರಚೋದಿಸಿ, ಸ್ನಾಯು ಸೆಳೆಯಲು ಹಿಡಿದ ಸಮಯದ ವ್ಯತ್ಯಾಸದಿಂದ ಲೆಕ್ಕ ಹಾಕಿದರು. ಸೆಕೆಂಡಿಗೆ 27 ಮೀಟರಿನ ಆಸುಪಾಸು ಬಂತು. ಇಂದಿನ ಆಸ್ಪತ್ರೆಗಳ ನರ ಪರೀಕ್ಷೆಯೂ ಇದೇ ಉಪಾಯದ ಮೇಲೆ ನಡೆಯುತ್ತದೆ, ಮುಂದಿನ ಒಂದು ಉತ್ತರದಲ್ಲಿ ಅದು ಬರುತ್ತದೆ.

ಪ್ರಶ್ನೆ: ಪ್ರತಿ ಸಂಕೇತಕ್ಕೂ ಸೋಡಿಯಂ ಒಳಗೆ ಬಂದರೆ ಸ್ವಲ್ಪ ಹೊತ್ತಿನಲ್ಲೇ ಒಳಗೂ ಹೊರಗೂ ಸಮ ಆಗುವುದಿಲ್ಲವೇ?

ಆಗುವುದಿಲ್ಲ. 100 ಮಿಲಿವೋಲ್ಟ್ ಬದಲಾಗಲು ಬೇಕಾದ ಅಯಾನುಗಳು ಬಹಳ ಕಡಿಮೆ. ಸ್ಕ್ವಿಡ್ಡಿನ ದಪ್ಪ ಆಕ್ಸಾನಿನಲ್ಲಿ ಒಂದು ಸಂಕೇತಕ್ಕೆ ಹೊರಹೋಗುವ ಪೊಟ್ಯಾಸಿಯಂ ಒಳಗಿರುವುದರ ಹತ್ತು ಲಕ್ಷದಲ್ಲಿ ಒಂದು ಪಾಲಿನಷ್ಟು. ಅಯಾನುಗಳನ್ನು ಮರಳಿ ಅವುಗಳ ಜಾಗಕ್ಕೆ ಸಾಗಿಸುವ ಪೊರೆಯ ಪಂಪ್ ನಿಲ್ಲಿಸಿದರೂ ಸಾವಿರಾರು ಸಂಕೇತ ಹೋಗುತ್ತವೆ. ಅತಿ ಸಣ್ಣ ಆಕ್ಸಾನಿನಲ್ಲಿ ಮಾತ್ರ ಮೇಲ್ಮೈಗೆ ಹೋಲಿಸಿದರೆ ಒಳಗಿನ ದ್ರವ ಕಡಿಮೆ, ಅಲ್ಲಿ ಈ ಪಾಲು ಸಾವಿರಕ್ಕೆ ಒಂದೆರಡನ್ನು ಮುಟ್ಟಬಹುದು. ಅಲ್ಲಿ ಪಂಪಿಗೆ ಬಿಡುವೇ ಇರುವುದಿಲ್ಲ. ಕೋಶಕ್ಕೆ ಶಕ್ತಿ ಕೊಡುವ ಎಟಿಪಿ ಅಣುವೊಂದನ್ನು ಖರ್ಚು ಮಾಡಿ 3 ಸೋಡಿಯಂ ಹೊರಕ್ಕೆ, 2 ಪೊಟ್ಯಾಸಿಯಂ ಒಳಕ್ಕೆ ಸಾಗಿಸುವುದು ಅದರ ಕೆಲಸ. ದೇಹದ ತೂಕದಲ್ಲಿ ಶೇ. 2ರಷ್ಟಿರುವ ಮಿದುಳು ವಿಶ್ರಾಂತಿಯಲ್ಲೂ ಶೇ. 20ರಷ್ಟು ಶಕ್ತಿಯನ್ನು ಬಳಸುವುದರಲ್ಲಿ ಈ ಪಂಪಿನದು ದೊಡ್ಡ ಪಾಲು.

ಪ್ರಶ್ನೆ: ಮೈಲಿನ್ ಹೊದಿಕೆ ಇದ್ದರೆ ಸಂಕೇತ ಒಂದು ಗಂಟಿನಿಂದ ಇನ್ನೊಂದು ಗಂಟಿಗೆ ನೆಗೆಯುತ್ತದೆ ಎಂದು ಓದಿದ್ದೇನೆ. ನಡುವೆ ಏನೂ ಆಗುವುದಿಲ್ಲವೇ? ಹೊದಿಕೆ ಹೋದರೆ ಏನಾಗುತ್ತದೆ?

ಮೊದಲು ಹೊದಿಕೆಯ ವಿಚಾರ. ಕೈಕಾಲುಗಳ ನರಗಳಲ್ಲಿ ಷ್ವಾನ್ ಕೋಶ ಆಕ್ಸಾನನ್ನು ಬಳಸಿ ಬಳಸಿ ಸುತ್ತಿಕೊಳ್ಳುತ್ತದೆ. ಸುತ್ತುಗಳ ನಡುವಿನ ಕೋಶದ್ರವ್ಯವೆಲ್ಲ ಹಿಂಡಿಹೋಗಿ ಕೊಬ್ಬು ತುಂಬಿದ ಪೊರೆಯ ಪದರಗಳಷ್ಟೇ ಉಳಿಯುತ್ತವೆ. ದಪ್ಪ ಆಕ್ಸಾನುಗಳ ಮೇಲೆ ನೂರು ಸುತ್ತು ಇರುವುದೂ ಉಂಟು. ಒಂದು ಷ್ವಾನ್ ಕೋಶ ಒಂದು ಆಕ್ಸಾನಿನ ಒಂದೇ ತುಂಡನ್ನು ಹೊದಿಸುತ್ತದೆ. ಮಿದುಳು ಮತ್ತು ಬೆನ್ನುಹುರಿಯಲ್ಲಿ ಈ ಕೆಲಸ ಆಲಿಗೋಡೆಂಡ್ರೋಸೈಟಿನದು, ಅಲ್ಲಿ ಒಂದೇ ಕೋಶ ಹತ್ತಾರು ತುಂಡುಗಳಿಗೆ ಕೈಚಾಚಿರುತ್ತದೆ. ಹೀಗೆ ಹೊದಿಸಿದ ತುಂಡಿನ ಉದ್ದ 0.2ರಿಂದ 2 ಮಿಲಿಮೀಟರ್. ಎರಡು ತುಂಡುಗಳ ನಡುವೆ ಬರಿಯ ಪೊರೆ ಕಾಣುವ ಜಾಗ ಒಂದೆರಡು ಮೈಕ್ರೋಮೀಟರ್ ಅಷ್ಟೇ, ಅದೇ ರಾನ್ವಿಯರ್ ಗಂಟು. ಅಷ್ಟು ಕಿರಿದಾದ ಜಾಗದಲ್ಲಿ ಪ್ರತಿ ಚದರ ಮೈಕ್ರೋಮೀಟರಿಗೆ ಸಾವಿರದ ಲೆಕ್ಕದಲ್ಲಿ ಸೋಡಿಯಂ ಚಾನೆಲ್‌ಗಳಿರುತ್ತವೆ. ಗಂಟಿನ ಎರಡೂ ಬದಿಗೆ ಮೈಲಿನ್ನಿನ ಅಂಚು ಆಕ್ಸಾನಿಗೆ ಬಿಗಿಯಾಗಿ ಅಂಟಿರುತ್ತದೆ. ಅದರಾಚೆ, ಹೊದಿಕೆಯ ಕೆಳಗೆ, ಪೊಟ್ಯಾಸಿಯಂ ಚಾನೆಲ್‌ಗಳು ಮರೆಯಲ್ಲಿರುತ್ತವೆ.

ಹೊದಿಕೆಯ ಪ್ರಯೋಜನ ಎರಡು. ಪೊರೆಯ ಸೋರಿಕೆ ಕಡಿಮೆಯಾಗುತ್ತದೆ, ಜೊತೆಗೆ ಪೊರೆಯ ಮೇಲೆ ಶೇಖರಿಸಬೇಕಾದ ವಿದ್ಯುದಾವೇಶವೂ ಕಡಿಮೆಯಾಗುತ್ತದೆ. ಹೀಗಾಗಿ ಒಂದು ಗಂಟಿನಲ್ಲಿ ಹೊಕ್ಕ ವಿದ್ಯುತ್ತು ಮುಂದಿನ ಗಂಟನ್ನು ಬೇಗ ಎಬ್ಬಿಸುತ್ತದೆ. ಸೆಕೆಂಡಿಗೆ 50 ಮೀಟರ್ ವೇಗ, ಗಂಟಿನಿಂದ ಗಂಟಿಗೆ 1 ಮಿಲಿಮೀಟರ್ ಎಂದು ಇಟ್ಟುಕೊಂಡರೆ ಒಂದು ಗಂಟಿಗೆ ಬೀಳುವ ಸಮಯ 20 ಮೈಕ್ರೋಸೆಕೆಂಡು.

ಈಗ "ನೆಗೆತ". ಆ ಮಾತನ್ನು ಅಕ್ಷರಶಃ ತೆಗೆದುಕೊಳ್ಳಬಾರದು. ಒಂದು ಗಂಟಿನಲ್ಲಿ ಸಂಕೇತ ಏರಿ ಇಳಿಯಲು ಸುಮಾರು 1 ಮಿಲಿಸೆಕೆಂಡು ಬೇಕು. ಅಷ್ಟರಲ್ಲಿ ಅದರ ಮುಂಚೂಣಿ 50 ಮಿಲಿಮೀಟರ್ ಮುಂದೆ ಹೋಗಿರುತ್ತದೆ. ಅಂದರೆ ಯಾವುದೇ ಗಳಿಗೆಯಲ್ಲಿ ಸಾಲಾಗಿ ಐವತ್ತರಷ್ಟು ಗಂಟುಗಳು ಒಂದೊಂದು ಹಂತದಲ್ಲಿ ಎಚ್ಚೆತ್ತಿರುತ್ತವೆ. ನಡುವಿನ ತುಂಡಿನ ಒಳಗೂ ವಿದ್ಯುತ್ತು ಹರಿಯುತ್ತಲೇ ಇರುತ್ತದೆ. ಹೊಸದಾಗಿ ಹುಟ್ಟುವುದು ಮಾತ್ರ ಗಂಟುಗಳಲ್ಲಿ. ಪರೀಕ್ಷೆಯ ಉತ್ತರದಲ್ಲಿ ಇದನ್ನು ಬರೆದವರು ಕಡಿಮೆ, ಆದರೆ ವಿಷಯ ಅರ್ಥವಾಗುವುದು ಇಲ್ಲೇ.

ಈ ಏರ್ಪಾಡಿನಿಂದ ಉಳಿಯುವ ಜಾಗ ನೋಡಿ. ಅರ್ಧ ಮಿಲಿಮೀಟರ್ ದಪ್ಪದ ಸ್ಕ್ವಿಡ್ ಆಕ್ಸಾನ್ ಸೆಕೆಂಡಿಗೆ 25 ಮೀಟರಿನ ಆಸುಪಾಸು ಕಳಿಸುತ್ತದೆ. ಅಷ್ಟೇ ವೇಗವನ್ನು ನಮ್ಮ 5 ಮೈಕ್ರೋಮೀಟರಿನ ಮೈಲಿನ್ ಹೊದ್ದ ತಂತು ಕೊಡುತ್ತದೆ. ದಪ್ಪದಲ್ಲಿ ನೂರು ಪಟ್ಟು, ಅಡ್ಡಕೊಯ್ತದಲ್ಲಿ ಹತ್ತು ಸಾವಿರ ಪಟ್ಟು ಉಳಿತಾಯ.

ಹೊದಿಕೆ ಕಳಚಿದರೆ ಬಯಲಾಗುವ ಪೊರೆಯಲ್ಲಿ ಸೋಡಿಯಂ ಚಾನೆಲ್ ವಿರಳ. ಮರೆಯಲ್ಲಿದ್ದ ಪೊಟ್ಯಾಸಿಯಂ ಚಾನೆಲ್‌ಗಳು ಹೊರಬಿದ್ದು ವೋಲ್ಟೇಜನ್ನು ಕೆಳಕ್ಕೆ ಜಗ್ಗುತ್ತವೆ. ಬಂದ ವಿದ್ಯುತ್ತು ಸೋರಿಹೋಗಿ ಮುಂದಿನ ಗಂಟು ಏಳುವುದಿಲ್ಲ, ಎದ್ದರೂ ತಡವಾಗಿ ಏಳುತ್ತದೆ. ಮಲ್ಟಿಪಲ್ ಸ್ಕ್ಲಿರೋಸಿಸ್‌ನಲ್ಲಿ ಮಿದುಳು, ಬೆನ್ನುಹುರಿಗಳ ಮೈಲಿನ್ನಿಗೆ ಹೀಗಾಗುತ್ತದೆ. ಅಂಥ ರೋಗಿಗಳಿಗೆ ಬಿಸಿನೀರಿನ ಸ್ನಾನ ಅಥವಾ ಜ್ವರದ ನಂತರ ದೃಷ್ಟಿ ಮಂಜಾಗುವುದುಂಟು. ಮೈ ಬಿಸಿಯಾದಾಗ ಸೋಡಿಯಂ ಚಾನೆಲ್ ತೆರೆದಿರುವ ಅವಧಿ ಇನ್ನೂ ಕಿರಿದಾಗುತ್ತದೆ, ಮೊದಲೇ ಅಂಚಿನಲ್ಲಿದ್ದ ಆಕ್ಸಾನಿಗೆ ಅಷ್ಟು ಸಾಕು. ಮೈ ತಣಿದರೆ ದೃಷ್ಟಿ ಮರಳುತ್ತದೆ.

ಕೈಕಾಲುಗಳ ನರದಲ್ಲಿ ರೋಗನಿರೋಧಕ ವ್ಯವಸ್ಥೆ ಹಠಾತ್ತನೆ ತಿರುಗಿಬಿದ್ದರೆ ಅದು ಗಿಲನ್-ಬಾರೆ ಸಿಂಡ್ರೋಮ್. ಹೆಚ್ಚಾಗಿ ಭೇದಿ ಅಥವಾ ನೆಗಡಿ-ಜ್ವರ ಬಂದುಹೋದ ಒಂದೆರಡು ವಾರದ ಮೇಲೆ ಪಾದದಲ್ಲಿ ಶುರುವಾದ ಜೋಮು, ಬಲಹೀನತೆ ದಿನದಿಂದ ದಿನಕ್ಕೆ ಮೇಲೇರುತ್ತದೆ. ಇಂಥದ್ದು ಕಂಡರೆ ಮನೆಯಲ್ಲಿ ಕಾಯಬೇಡಿ. ಉಸಿರಾಟದ ಸ್ನಾಯುಗಳಿಗೆ ಅದು ಯಾವಾಗ ತಲುಪುತ್ತದೆಂದು ಹೇಳಲಾಗದು. ಇಮ್ಯುನೋಗ್ಲಾಬ್ಯುಲಿನ್ ಅಥವಾ ಪ್ಲಾಸ್ಮಾ ಬದಲಾವಣೆ, ಎರಡರಲ್ಲಿ ಯಾವುದೇ ಒಂದಾದರೂ ಬೇಗ ಕೊಟ್ಟಷ್ಟು ಒಳ್ಳೆಯದು.

ಪ್ರಶ್ನೆ: ಕಾಲ್ಬೆರಳು ಎಡವಿದಾಗ ಮೊದಲು ಚುಳುಕ್ ಎನ್ನುತ್ತದೆ, ಸ್ವಲ್ಪ ತಡೆದು ಉರಿಯುವ ನೋವು ಬರುತ್ತದೆ. ಎರಡೆರಡು ನೋವು ಯಾಕೆ?

ಎರಡು ಬಗೆಯ ಆಕ್ಸಾನುಗಳು ಒಟ್ಟಿಗೆ ಹೊರಟು ಬೇರೆ ಬೇರೆ ಹೊತ್ತಿಗೆ ತಲುಪುತ್ತವೆ. ತೆಳು ಮೈಲಿನ್ ಇರುವ ಎ-ಡೆಲ್ಟಾ ತಂತುಗಳ ವೇಗ ಸೆಕೆಂಡಿಗೆ 5ರಿಂದ 30 ಮೀಟರ್. ಮೈಲಿನ್ ಇಲ್ಲದ ಸಿ ತಂತುಗಳದ್ದು ಅರ್ಧದಿಂದ 2 ಮೀಟರ್. ಬೆರಳಿನಿಂದ ಬೆನ್ನುಹುರಿಗೆ 1 ಮೀಟರ್ ದಾರಿ ಎಂದರೆ ಮೊದಲಿನದು ಸೆಕೆಂಡಿನ ಇಪ್ಪತ್ತನೇ ಒಂದು ಭಾಗದಲ್ಲಿ ಮುಟ್ಟುತ್ತದೆ, ಎರಡನೆಯದಕ್ಕೆ ಒಂದು ಸೆಕೆಂಡೇ ಬೇಕು. ಮೂಗಿಗೆ ಪೆಟ್ಟಾದರೆ ದಾರಿ ಗಿಡ್ಡ, ಈ ಅಂತರ ಗೊತ್ತೇ ಆಗುವುದಿಲ್ಲ.

ಪ್ರಶ್ನೆ: ಪ್ರೋಟೀನು ತಯಾರಾಗುವುದು ಕೋಶಕಾಯದಲ್ಲಿ. ಒಂದು ಮೀಟರ್ ಆಚೆಯ ತುದಿಗೆ ಅದು ತಲುಪುವುದು ಹೇಗೆ? ಇದಕ್ಕೂ ಸಕ್ಕರೆ ಕಾಯಿಲೆಯವರ ಪಾದದ ಜೋಮಿಗೂ ಸಂಬಂಧ ಇದೆಯೇ?

ಇದೆ. ಈ ಬಾರಿ ಬಂದ ಪ್ರಶ್ನೆಗಳಲ್ಲಿ ನಮಗೆ ಬಹಳ ಹಿಡಿಸಿದ್ದು ಇದು.

ಮೈಕ್ರೋಟ್ಯೂಬ್ಯೂಲ್ ನಳಿಕೆಗಳಿಗೆ ದಿಕ್ಕು ಇದೆ. ಆಕ್ಸಾನಿನಲ್ಲಿ ಅವುಗಳ ಧನ ತುದಿ ಯಾವಾಗಲೂ ಹೊರಮುಖ. ಕೈನೆಸಿನ್ ಎಂಬ ಪ್ರೋಟೀನು ನಳಿಕೆಯನ್ನು ಹಿಡಿದು ಧನ ತುದಿಯ ಕಡೆ, ಅಂದರೆ ಆಕ್ಸಾನಿನ ತುದಿಯ ಕಡೆ ನಡೆಯುತ್ತದೆ. ಅದಕ್ಕೆ ಎರಡು ಪಾದಗಳು. ಒಂದು ಹೆಜ್ಜೆ 8 ನ್ಯಾನೋಮೀಟರ್, ಹೆಜ್ಜೆಗೊಂದು ಎಟಿಪಿ. ಹಿಂದಿನ ಪಾದ ಮುಂದೆ ಬಂದು ಕಚ್ಚಿಕೊಳ್ಳುವವರೆಗೆ ಇನ್ನೊಂದು ಪಾದ ಹಿಡಿತ ಬಿಡುವುದಿಲ್ಲ. ಪೊರೆಗುಳ್ಳೆಗಳು, ಚಾನೆಲ್‌ಗಳು ಮುಂತಾದ ಸರಕು ಹೀಗೆ ದಿನಕ್ಕೆ 200ರಿಂದ 400 ಮಿಲಿಮೀಟರ್ ಸಾಗುತ್ತದೆ. ಒಂದು ಮೀಟರಿಗೆ ಎರಡೂವರೆ ದಿನದಿಂದ ಐದು ದಿನ. ಶಕ್ತಿ ತಯಾರಿಸುವ ಮೈಟೋಕಾಂಡ್ರಿಯ ನಿಂತು ನಿಂತು ಹೋಗುತ್ತದೆ. ತುದಿಯಿಂದ ಕೋಶಕಾಯಕ್ಕೆ ಹಿಂದಿರುಗುವ ಸರಕನ್ನು ಡೈನೀನ್ ಎಂಬ ಇನ್ನೊಂದು ಮೋಟಾರು ಪ್ರೋಟೀನು ಹೊರುತ್ತದೆ. ಅದರಲ್ಲಿ ಹಳೆಯ ಭಾಗಗಳೂ ಇರುತ್ತವೆ, ತುದಿ ಚೆನ್ನಾಗಿದೆ ಎಂದು ತಿಳಿಸುವ ಪೋಷಕ ಸಂಕೇತಗಳೂ ಇರುತ್ತವೆ.

ನ್ಯೂರೋಫಿಲಮೆಂಟಿನಂಥ ಕಟ್ಟಡ ಸಾಮಗ್ರಿ ಮಾತ್ರ ಬಹಳ ನಿಧಾನ, ದಿನಕ್ಕೆ ಸುಮಾರು 1 ಮಿಲಿಮೀಟರ್. ಇಂದು ಕೋಶಕಾಯ ಬಿಟ್ಟ ಎಳೆ ಕಾಲ್ಬೆರಳಿನ ಹತ್ತಿರ ಬರಲು ಮೂರು ವರ್ಷದ ಸಮೀಪ. ಇದಕ್ಕೂ ಹೊರುವವು ಅದೇ ಮೋಟಾರುಗಳು. ಸರಕು ಹೆಚ್ಚು ಹೊತ್ತು ನಿಂತಿರುತ್ತದೆ, ನಡುನಡುವೆ ಸರ್ರನೆ ಓಡುತ್ತದೆ. ಸರಾಸರಿ ಮಾಡಿದಾಗ ನಿಧಾನ ಎಂದು ಕಾಣುತ್ತದೆ.

ಈ ಸಾಗಾಟಕ್ಕೆ ತೊಂದರೆಯಾದರೆ ಮೊದಲು ಸೊರಗುವುದು ಅತಿ ದೂರದ ತುದಿ. ಕ್ಯಾನ್ಸರಿಗೆ ಕೊಡುವ ವಿನ್‌ಕ್ರಿಸ್ಟಿನ್, ಪ್ಯಾಕ್ಲಿಟ್ಯಾಕ್ಸೆಲ್ ಔಷಧಗಳು ಮೈಕ್ರೋಟ್ಯೂಬ್ಯೂಲುಗಳಿಗೇ ಅಂಟಿಕೊಳ್ಳುತ್ತವೆ. ಅವುಗಳಿಂದ ಜೋಮು ಶುರುವಾಗುವುದು ಬೆರಳ ತುದಿಗಳಲ್ಲಿ. ಸಕ್ಕರೆ ಕಾಯಿಲೆಯಲ್ಲಿ ಕಾರಣಗಳು ಹಲವು: ನರಕ್ಕೆ ರಕ್ತ ಒಯ್ಯುವ ಸೂಕ್ಷ್ಮನಾಳಗಳು ಕೆಡುತ್ತವೆ, ಮೈಟೋಕಾಂಡ್ರಿಯ ಬಳಲುತ್ತದೆ, ಸಾಗಾಟವೂ ಕುಂಟುತ್ತದೆ. ಪರಿಣಾಮ ಮಾತ್ರ ಉದ್ದದ ಲೆಕ್ಕದಲ್ಲೇ ಬರುತ್ತದೆ. ಜೋಮು ಎರಡೂ ಕಾಲ್ಬೆರಳಲ್ಲಿ ಹುಟ್ಟಿ ಮೇಲೇರುತ್ತದೆ, ಮಂಡಿಯ ಹತ್ತಿರ ಬರುವ ಹೊತ್ತಿಗೆ ಕೈಬೆರಳ ತುದಿಗಳಲ್ಲೂ ಕಾಣಿಸಿಕೊಳ್ಳುತ್ತದೆ. ಬೆನ್ನುಹುರಿಯಿಂದ ಮಂಡಿಗೂ ಕೈಬೆರಳ ತುದಿಗೂ ಆಕ್ಸಾನಿನ ಉದ್ದ ಹೆಚ್ಚುಕಡಿಮೆ ಒಂದೇ. ಒಂದೇ ಕಾಲಿಗೆ, ಅಥವಾ ಮೊದಲು ತೊಡೆಗೆ ಜೋಮು ಬಂದರೆ ಈ ಲೆಕ್ಕಕ್ಕೆ ಕೂಡುವುದಿಲ್ಲ, ಬೇರೆ ಕಾರಣ ಹುಡುಕಬೇಕು. ಸಕ್ಕರೆ ಕಾಯಿಲೆ ಇರುವವರು ವರ್ಷಕ್ಕೊಮ್ಮೆಯಾದರೂ ಪಾದವನ್ನು 10 ಗ್ರಾಂ ಮೊನೋಫಿಲಮೆಂಟ್ (ಚರ್ಮಕ್ಕೆ ಒತ್ತಿ ನೋಡುವ ನೈಲಾನ್ ಎಳೆ) ಮತ್ತು 128 ಹರ್ಟ್ಸ್ ಶ್ರುತಿಕವೆಯಿಂದ (ಟ್ಯೂನಿಂಗ್ ಫೋರ್ಕ್) ಪರೀಕ್ಷೆ ಮಾಡಿಸಿಕೊಳ್ಳಬೇಕು. "ನರಕ್ಕೆ ಒಳ್ಳೆಯದು" ಎಂದು ಬಿ6 ವಿಟಮಿನ್ನನ್ನು ಹೆಚ್ಚು ಪ್ರಮಾಣದಲ್ಲಿ ತಿಂಗಳುಗಟ್ಟಲೆ ನುಂಗಬೇಡಿ. ಅದು ಸ್ಪರ್ಶ ನರಕೋಶಗಳನ್ನೇ ಕೆಡಿಸುತ್ತದೆ.

ಹಿಂದಿರುಗುವ ದಾರಿಯನ್ನು ರೋಗಗಳೂ ಬಳಸುತ್ತವೆ. ರೇಬೀಸ್ ವೈರಸ್ ಕಚ್ಚಿದ ಜಾಗದ ನರತುದಿಯಲ್ಲಿ ಹೊಕ್ಕು ಡೈನೀನ್ ಮೂಲಕ ಮಿದುಳಿನತ್ತ ಹೋಗುತ್ತದೆ. ಮುಖ, ಕುತ್ತಿಗೆಯ ಕಚ್ಚು ಹೆಚ್ಚು ಅಪಾಯ ಎನ್ನುವುದಕ್ಕೆ ದಾರಿ ಗಿಡ್ಡವಾಗಿರುವುದು ಒಂದು ಕಾರಣ. ಗಾಯವನ್ನು ಸೋಪು ನೀರಿನಲ್ಲಿ 15 ನಿಮಿಷ ತೊಳೆಯುವುದು ವೈರಸ್ ನರವನ್ನು ಹೊಗುವ ಮೊದಲೇ ಅದನ್ನು ಕಡಿಮೆ ಮಾಡಲು. ಲಸಿಕೆಯನ್ನೂ ಅಂದೇ ಶುರು ಮಾಡಬೇಕು, ತೊಳೆದ ಮಾತ್ರಕ್ಕೆ ಮುಗಿಯಿತು ಎಂದುಕೊಳ್ಳಬಾರದು. ಧನುರ್ವಾಯುವಿನ ವಿಷವೂ ಇದೇ ದಾರಿಯಲ್ಲಿ ಬೆನ್ನುಹುರಿಗೆ ಏರುತ್ತದೆ.

ಪ್ರಶ್ನೆ: ಕಾಲು ಮಡಿಸಿ ಕೂತರೆ ಜೋಮು ಹಿಡಿಯುತ್ತದೆ. ರಕ್ತ ನಿಲ್ಲುವುದರಿಂದ ಎನ್ನುತ್ತಾರೆ. ಇದರಿಂದ ನರ ಹಾಳಾಗುತ್ತದೆಯೇ?

ಒತ್ತಡ ಬಿದ್ದಾಗ ನರದ ಒಳಗಿನ ಸೂಕ್ಷ್ಮ ರಕ್ತನಾಳಗಳು ಮುಚ್ಚಿಕೊಳ್ಳುತ್ತವೆ, ಪಂಪಿಗೆ ಶಕ್ತಿ ಸಿಗುವುದಿಲ್ಲ, ಸಂಕೇತ ಅಲ್ಲೇ ನಿಲ್ಲುತ್ತದೆ. ದಪ್ಪ ತಂತುಗಳು ಮೊದಲು ಸೋಲುವುದರಿಂದ ಸ್ಪರ್ಶ ಮೊದಲು ಹೋಗುತ್ತದೆ, ಉರಿನೋವು ಕೊನೆಯವರೆಗೂ ಉಳಿಯುತ್ತದೆ. ಕಾಲು ಚಾಚಿದಾಗ ರಕ್ತ ಮರಳಿ ಬಂದು, ಪೂರ್ತಿ ಹದಕ್ಕೆ ಬರದ ಆಕ್ಸಾನುಗಳು ತಾವಾಗಿ ಸಂಕೇತ ಹಾರಿಸುತ್ತವೆ. ಜುಂ ಎನ್ನುವುದು ಅದೇ. ಕೆಲವು ನಿಮಿಷಗಳಲ್ಲಿ ಸರಿಹೋದರೆ ಏನೂ ಆಗಿಲ್ಲ.

ಬಹಳ ಹೊತ್ತು ಕಾಲ ಮೇಲೆ ಕಾಲು ಹಾಕಿ ಕೂರುವವರು, ಕುಕ್ಕರುಗಾಲಿನಲ್ಲಿ ಕೆಲಸ ಮಾಡುವವರು ಮಂಡಿಯ ಹೊರಬದಿಯ ಮೂಳೆಯ ಮೇಲೆ ಹಾಯುವ ನರವನ್ನು ಕಾಪಾಡಿಕೊಳ್ಳಬೇಕು. ಅಲ್ಲಿ ಒತ್ತಡ ಅತಿಯಾದರೆ ಪಾದ ಮೇಲೆತ್ತಲು ಬರುವುದಿಲ್ಲ. ಮೈಲಿನ್ನಿಗಷ್ಟೇ ಪೆಟ್ಟಾಗಿದ್ದರೆ ಕೆಲವು ವಾರದಿಂದ ಮೂರು ತಿಂಗಳಲ್ಲಿ ಸರಿಹೋಗುತ್ತದೆ. ಆದರೆ ಎರಡೂ ಕಾಲಿನ ಜೋಮಿನ ಜೊತೆ ಗುದದ್ವಾರದ ಸುತ್ತ ಸ್ಪರ್ಶ ಹೋದರೆ, ಮೂತ್ರ ಕಟ್ಟಿದರೆ, ಅಥವಾ ಮೈಯ ಒಂದು ಬದಿಗೆ ಹಠಾತ್ತನೆ ಜೋಮು ಬಂದರೆ ಆ ಕ್ಷಣವೇ ಆಸ್ಪತ್ರೆಗೆ ಹೊರಡಿ.

ಪ್ರಶ್ನೆ: ಕೈ ಜೋಮಿಗೆ ನರ್ವ್ ಕಂಡಕ್ಷನ್ ಪರೀಕ್ಷೆ ಮಾಡಿಸಿದ್ದೇವೆ. ವರದಿಯ ಲೇಟೆನ್ಸಿ, ಆಂಪ್ಲಿಟ್ಯೂಡ್, ವೆಲಾಸಿಟಿ ಎಂದರೇನು?

ಮಣಿಕಟ್ಟಿನಲ್ಲಿ ನರಕ್ಕೆ ಸಣ್ಣ ಶಾಕ್ ಕೊಟ್ಟು ಹೆಬ್ಬೆರಳ ಬುಡದ ಸ್ನಾಯು ಎಷ್ಟು ಹೊತ್ತಿಗೆ ಸ್ಪಂದಿಸಿತು ಎಂದು ಅಳೆಯುತ್ತಾರೆ, ಅದು ಲೇಟೆನ್ಸಿ. 3.5 ಮಿಲಿಸೆಕೆಂಡು ಎಂದಿಟ್ಟುಕೊಳ್ಳಿ. ಮೊಣಕೈಯಲ್ಲಿ ಶಾಕ್ ಕೊಟ್ಟಾಗ 7.5. ಎರಡು ಬಿಂದುಗಳ ನಡುವಿನ ಅಂತರ 220 ಮಿಲಿಮೀಟರ್. ಅದನ್ನು 4 ಮಿಲಿಸೆಕೆಂಡಿನಿಂದ ಭಾಗಿಸಿದರೆ ವೆಲಾಸಿಟಿ ಸೆಕೆಂಡಿಗೆ 55 ಮೀಟರ್. ನರದಿಂದ ಸ್ನಾಯುವಿಗೆ ದಾಟುವ ಸಮಯ ಎರಡರಲ್ಲೂ ಸೇರಿರುವುದರಿಂದ ಕಳೆದಾಗ ಅದು ಬಿಟ್ಟುಹೋಗುತ್ತದೆ. ವಯಸ್ಕರ ಕೈಯಲ್ಲಿ 50ಕ್ಕಿಂತ, ಕಾಲಿನಲ್ಲಿ 40ಕ್ಕಿಂತ ಹೆಚ್ಚಿರಬೇಕು. ಹಸುಗೂಸಿನಲ್ಲಿ ಇದರ ಅರ್ಧದಷ್ಟೇ ಇರುವುದು ಸಹಜ, ಮೈಲಿನ್ ಇನ್ನೂ ಬಲಿತಿರುವುದಿಲ್ಲ.

ಆಂಪ್ಲಿಟ್ಯೂಡ್ ಎಂದರೆ ಅಲೆಯ ಎತ್ತರ. ಎಷ್ಟು ಆಕ್ಸಾನುಗಳು ಕೆಲಸ ಮಾಡುತ್ತಿವೆ ಎಂಬುದರ ಅಂದಾಜು ಅದರಿಂದ ಸಿಗುತ್ತದೆ. ವೇಗ ಬಹಳ ಕುಗ್ಗಿ ಎತ್ತರ ಹೆಚ್ಚುಕಡಿಮೆ ಸರಿ ಇದ್ದರೆ ತೊಂದರೆ ಮೈಲಿನ್ನಿನದು. ವೇಗ ಸುಮಾರಾಗಿದ್ದು ಎತ್ತರ ಕುಸಿದಿದ್ದರೆ ಆಕ್ಸಾನುಗಳೇ ಸತ್ತಿವೆ, ಚೇತರಿಕೆ ನಿಧಾನ.

ಅಂಕಿಗಳು ತಪ್ಪುವುದಕ್ಕೆ ಮುಖ್ಯ ಕಾರಣ ತಣ್ಣಗಿನ ಕೈ. ಒಂದು ಡಿಗ್ರಿ ಸೆಲ್ಸಿಯಸ್ ಇಳಿದರೆ ವೇಗ ಸುಮಾರು 2 ಮೀಟರ್ ಇಳಿಯುತ್ತದೆ. ಕೈಯ ಚರ್ಮ 32 ಡಿಗ್ರಿ ಇರುವಂತೆ ಬೆಚ್ಚಗೆ ಮಾಡಿಯೇ ಅಳೆಯಬೇಕು. ವರದಿಯಲ್ಲಿ ಉಷ್ಣತೆ ಬರೆದಿಲ್ಲದಿದ್ದರೆ ಕೇಳಿ. ಅಳತೆಪಟ್ಟಿಯಲ್ಲಿ 1 ಸೆಂಟಿಮೀಟರ್ ತಪ್ಪಿದರೆ 10 ಸೆಂಟಿಮೀಟರಿನ ಅಂತರಕ್ಕೆ ವೇಗದಲ್ಲಿ ಶೇ. 10ರಷ್ಟು ತಪ್ಪು. ಶಾಕ್ ಸಾಲದೆ ಹೋದರೆ ಆಂಪ್ಲಿಟ್ಯೂಡ್ ಸುಳ್ಳೇ ಕಡಿಮೆ ಕಾಣುತ್ತದೆ. ಇನ್ನು ಪಾದ ಉರಿಯುತ್ತಿದ್ದರೂ ವರದಿ ನಾರ್ಮಲ್ ಬಂದವರು ನಿರಾಶರಾಗಬೇಡಿ. ಈ ಪರೀಕ್ಷೆಗೆ ಸಿಗುವುದು ದಪ್ಪ ತಂತುಗಳು ಮಾತ್ರ. ಉರಿ ತರುವ ಸಣ್ಣ ತಂತುಗಳನ್ನು ನೋಡಲು ಚರ್ಮದ ಬಯಾಪ್ಸಿಯಂಥ ಬೇರೆ ಪರೀಕ್ಷೆಗಳಿವೆ.

ಪ್ರಶ್ನೆ: ಕೀವಾದ ಹಲ್ಲಿಗೆ ಮರಗಟ್ಟುವ ಇಂಜೆಕ್ಷನ್ ಸರಿಯಾಗಿ ಹಿಡಿಯುವುದಿಲ್ಲ ಏಕೆ?

ಮರಗಟ್ಟಿಸುವ ಔಷಧವಾದ ಲಿಡೋಕೇನ್ ಸೋಡಿಯಂ ಚಾನೆಲ್ಲನ್ನು ಮುಚ್ಚುವುದು ಆಕ್ಸಾನಿನ ಒಳಗಿನಿಂದ. ಒಳಹೋಗಲು ಅದು ಆವೇಶವಿಲ್ಲದ ರೂಪದಲ್ಲಿರಬೇಕು. ಕೀವಾದ ಜಾಗ ಆಮ್ಲೀಯ, ಅಲ್ಲಿ ಹೆಚ್ಚಿನ ಪಾಲು ಆವೇಶ ಪಡೆದು ಹೊರಗೇ ಉಳಿಯುತ್ತದೆ. ಅದಕ್ಕೇ ದಂತವೈದ್ಯರು ಕೀವಿನಿಂದ ದೂರ, ನರದ ಮೇಲ್ಭಾಗದಲ್ಲಿ ಚುಚ್ಚುತ್ತಾರೆ.

ಪ್ರಶ್ನೆ: ಗಾಜು ತಗುಲಿ ಮುಂಗೈ ನಡುವೆ ನರ ಕತ್ತರಿಸಿತ್ತು, ಶಸ್ತ್ರಚಿಕಿತ್ಸೆಯಲ್ಲಿ ಜೋಡಿಸಿದರು. ನಾಲ್ಕು ತಿಂಗಳಾದರೂ ಬೆರಳಿಗೆ ಸ್ಪರ್ಶ ಬಂದಿಲ್ಲ. ಹೊಲಿಗೆ ವಿಫಲವಾಯಿತೇ?

ಇಷ್ಟು ಬೇಗ ಹಾಗೆ ತೀರ್ಮಾನಿಸಬೇಡಿ. ಹೊಲಿಗೆಯಿಂದ ಕೂಡುವುದು ನರದ ಹೊರಕವಚ ಮಾತ್ರ, ಕಡಿದ ಆಕ್ಸಾನುಗಳನ್ನು ಹೊಲಿಗೆ ಕೂಡಿಸುವುದಿಲ್ಲ. ಕೋಶಕಾಯದಿಂದ ಬೇರೆಯಾದ ಆಚೆಯ ಭಾಗ ಕೆಲವು ದಿನ ಜೀವಂತವಿದ್ದು ಆಮೇಲೆ ಚೂರಾಗುತ್ತದೆ. 1850ರಲ್ಲಿ ಆಗಸ್ಟಸ್ ವಾಲರ್ ಕಪ್ಪೆಯ ನಾಲಗೆಯ ನರದಲ್ಲಿ ಇದನ್ನು ವಿವರಿಸಿದರು. ಉಳಿದ ಚೂರುಗಳನ್ನು ಷ್ವಾನ್ ಕೋಶಗಳೂ ಬಿಳಿರಕ್ತಕಣಗಳೂ ತೆರವು ಮಾಡುತ್ತವೆ. ಖಾಲಿಯಾದ ಕೊಳವೆಯೊಳಗೆ ಷ್ವಾನ್ ಕೋಶಗಳು ಸಾಲಾಗಿ ನಿಲ್ಲುತ್ತವೆ. ಈಚೆಯ ತುದಿಯಿಂದ ಚಿಗುರಿದ ಆಕ್ಸಾನ್ ಆ ಸಾಲನ್ನು ಹಿಡಿದು ಬೆಳೆಯಬೇಕು. ಮಿದುಳು, ಬೆನ್ನುಹುರಿಗಳಲ್ಲಿ ಈ ತೆರವು ಬಹಳ ನಿಧಾನ, ಅಲ್ಲಿನ ಮೈಲಿನ್ ಚೂರುಗಳೇ ಬೆಳವಣಿಗೆಗೆ ಅಡ್ಡಿ. ಅಲ್ಲಿ ಮರುಬೆಳವಣಿಗೆ ಕಷ್ಟವಾಗಲು ಇದೂ ಒಂದು ಕಾರಣ.

ಬೆಳವಣಿಗೆಯ ವೇಗ ದಿನಕ್ಕೆ ಸುಮಾರು 1 ಮಿಲಿಮೀಟರ್. ಹೊಲಿಗೆಯ ಜಾಗ ದಾಟಲು ಮೊದಲ ಕೆಲವು ವಾರ ಹೋಗುತ್ತವೆ. ಮುಂಗೈ ನಡುವಿನಿಂದ ಬೆರಳ ತುದಿಗೆ 25 ಸೆಂಟಿಮೀಟರಿಗೂ ಹೆಚ್ಚು. ಅಂದರೆ ಒಂಬತ್ತು ಹತ್ತು ತಿಂಗಳ ದಾರಿ. ನಾಲ್ಕು ತಿಂಗಳಿಗೆ ಆಕ್ಸಾನುಗಳು ಮಣಿಕಟ್ಟಿನ ಆಸುಪಾಸಿಗೆ ಬಂದಿದ್ದರೆ ಸರಿಯಾಗಿಯೇ ನಡೆಯುತ್ತಿದೆ.

ತಿಳಿಯುವುದು ಹೀಗೆ: ಬೆರಳಿನ ಕಡೆಯಿಂದ ಗಾಯದ ಕಡೆಗೆ ನರದ ಮೇಲೆ ಮೆತ್ತಗೆ ತಟ್ಟುತ್ತಾ ಬನ್ನಿ. ಎಲ್ಲಿ ತಟ್ಟಿದಾಗ ಬೆರಳಿನಲ್ಲಿ ಜುಂ ಎನ್ನುತ್ತದೆಯೋ ಅಲ್ಲಿಗೆ ಬೆಳೆಯುವ ತುದಿಗಳು ಬಂದಿವೆ. ಗಾಯದ ಗುರುತಿನಿಂದ ಅಲ್ಲಿಗೆ ಎಷ್ಟು ಸೆಂಟಿಮೀಟರ್ ಎಂದು ಬರೆದಿಡಿ, ತಿಂಗಳಿಗೊಮ್ಮೆ ಮತ್ತೆ ನೋಡಿ. ತಿಂಗಳಿಗೆ ಎರಡೂವರೆ, ಮೂರು ಸೆಂಟಿಮೀಟರ್ ಮುಂದೆ ಸರಿಯಬೇಕು. ಎರಡು ಮೂರು ತಿಂಗಳು ಒಂದೇ ಕಡೆ ನಿಂತು, ಗಾಯದ ಜಾಗದಲ್ಲೇ ಮುಟ್ಟಿದರೆ ವಿಪರೀತ ನೋವಿದ್ದರೆ ಅಲ್ಲಿ ಆಕ್ಸಾನುಗಳು ದಾರಿ ಕಾಣದೆ ಸುರುಳಿಸುತ್ತಿಕೊಂಡು ಗಡ್ಡೆಯಾಗಿರಬಹುದು. ಆಗ ಶಸ್ತ್ರಚಿಕಿತ್ಸಕರಿಗೆ ತೋರಿಸುವುದನ್ನು ಮುಂದೂಡಬೇಡಿ. ನರ ತಲುಪದ ಸ್ನಾಯು ಒಂದರಿಂದ ಒಂದೂವರೆ ವರ್ಷದ ಮೇಲೆ ಹೊಸ ಆಕ್ಸಾನನ್ನು ಸ್ವೀಕರಿಸುವುದು ಕಷ್ಟ. ಕಂಕುಳಿನ ಹತ್ತಿರ ನರ ಕಡಿದವರಿಗೆ ಅಂಗೈಯ ಸಣ್ಣ ಸ್ನಾಯುಗಳು ಮರಳುವುದು ಅಪರೂಪ ಎನ್ನುವುದು ಈ ಲೆಕ್ಕದಿಂದಲೇ. ಸ್ಪರ್ಶಕ್ಕೆ ಇಷ್ಟು ಬಿಗಿಯಾದ ಗಡುವಿಲ್ಲ.

ಅಲ್ಲಿಯವರೆಗೆ ಸ್ಪರ್ಶವಿಲ್ಲದ ಬೆರಳನ್ನು ಬಿಸಿಪಾತ್ರೆ, ಚೂಪಾದ ವಸ್ತುಗಳಿಂದ ದೂರ ಇಡಿ, ದಿನಾ ರಾತ್ರಿ ಕಣ್ಣಿಂದ ನೋಡಿ ಗಾಯವಿಲ್ಲವೆಂದು ಖಚಿತಪಡಿಸಿಕೊಳ್ಳಿ. ಪ್ರತಿ ಕೀಲನ್ನೂ ಇನ್ನೊಂದು ಕೈಯಿಂದ ಪೂರ್ತಿ ಮಡಿಸಿ ಬಿಡಿಸಿ, ಕೀಲು ಬಿಗಿದುಕೊಂಡರೆ ನರ ಬಂದರೂ ಬೆರಳು ಆಡುವುದಿಲ್ಲ. ಧೂಮಪಾನ ಇದ್ದರೆ ಬಿಡಿ. ಸ್ಪರ್ಶ ಮರಳತೊಡಗಿದಾಗ ತೋರುಬೆರಳು ಮುಟ್ಟಿದರೆ ನಡುಬೆರಳು ಮುಟ್ಟಿದಂತೆ ಅನಿಸಬಹುದು. ಕೆಲವು ಆಕ್ಸಾನುಗಳು ಬೇರೆ ಕೊಳವೆ ಹಿಡಿದಿರುತ್ತವೆ. ಕಣ್ಣು ಮುಚ್ಚಿ ಮುಟ್ಟಿ ನೋಡುವುದು, ಕಣ್ಣು ತೆರೆದು ಸರಿಯೋ ತಪ್ಪೋ ನೋಡುವುದು, ಬೇರೆ ಬೇರೆ ಬಟ್ಟೆ, ಕಾಳುಗಳ ಮೇಲ್ಮೈ ಗುರುತಿಸುವುದು: ದಿನಕ್ಕೆ ನಾಲ್ಕೈದು ಸಲ, ಒಂದೊಂದು ಸಲಕ್ಕೆ ಹತ್ತು ನಿಮಿಷ ಹೀಗೆ ಅಭ್ಯಾಸ ಮಾಡಿದರೆ ಮಿದುಳು ಹೊಸ ಜೋಡಣೆಯನ್ನು ಕಲಿತುಕೊಳ್ಳುತ್ತದೆ. ಹ್ಯಾಂಡ್ ಥೆರಪಿಸ್ಟ್ ಇದ್ದರೆ ಅವರ ಬಳಿ ಕ್ರಮ ಬರೆಸಿಕೊಳ್ಳಿ.